ಎರಡೇ ಹಸಿರು ದೀಪ ಬಂದ್ರ ಏನ್ ಮಾಡಬೇಕು? ಮುಂದಿನ ಗಾಲಿ ಕೈಕೊಟ್ರ ರನ್‌ವೇ ಛಲೋನೋ, ಎರಿ ಹೊಲ ಛಲೋನೋ?

ಶರಣು_ಆಕಾಶ (ಕಲಬುರಗಿ), ಪ್ರಶ್ನೆ:

ಎಲ್ಲರಿಗೂ ಶರಣ್ರಿ. ಸೆಸ್ನಾ 172 ಮ್ಯಾಲಿನ ಹಾರಾಟ ಮುಗಿಲಿಕ್ಕ ಬಂದದ. ಇನ್ನ ಗಾಲಿ ಮಡಚಿಕೊಳ್ಳೋ ಎರಡು ಎಂಜಿನ್ನಿನ ವಿಮಾನಕ್ಕ ಹೋಗಬೇಕು. 172ದಾಗ ಗಾಲಿ ಯಾವತ್ತೂ ಹೊರಗೇ ಇರ್ತಾವ, ಹಿಂಗಾಗಿ ಅಲ್ಲಿ ಈ ಚಿಂತಿ ಇಲ್ಲ. ಬಲ್ಲವರು ಸ್ವಲ್ಪ ಬಿಡಿಸಿ ಹೇಳ್ರಿ.

ಡೌನ್‌ವಿಂಡ್‌ನಾಗ (ಇಳಿಯೋಕಿಂತ ಮೊದಲು ರನ್‌ವೇ ಬಾಜೂಕ ಉಲ್ಟಾ ದಿಕ್ಕಿಗೆ ಹಾರೋ ಹಂತ) ಗೇರ್, ಅಂದ್ರ ಗಾಲಿ ಇಳಿಸೋ ಲಿವರ್ ಕೆಳಗ ಹಾಕಿದ್ವಿ ಅಂತ ಇಟ್ಕೋರಿ. ಗಾಲಿ ಇಳಿದು ಲಾಕ್ ಆದ್ರ ಒಂದೊಂದಕ್ಕೂ ಒಂದು ಹಸಿರು ದೀಪ ಹತ್ತಬೇಕು. ಎಡಕ್ಕ ಹಸಿರು, ಬಲಕ್ಕ ಹಸಿರು, ಮೂಗಿನ ದೀಪ ಇಲ್ಲ. ಅಲ್ಲಿಂದ ಮುಂದ ಯಾವ ಕೆಲಸ ಮೊದಲು, ಯಾವುದು ಆಮ್ಯಾಲ?

ಎರಡನೇದು, ಇಲ್ಲಿ ಚಹಾದಂಗಡಿ ಮುಂದ ಎಲ್ಲರೂ ಹೇಳೋದು ಒಂದೇ: ರನ್‌ವೇ ಅಂದ್ರ ಕಲ್ಲು ಇದ್ದಂಗ, ತಿಕ್ಕಿದ್ರ ಕಿಡಿ ಹಾರಿ ಬೆಂಕಿ ಹತ್ತತದ, ಮೆತ್ತಗಿನ ಎರಿ ಹೊಲದಾಗ ಇಳಿಸಿದ್ರ ವಿಮಾನನೂ ಉಳೀತದ, ಮಂದೀನೂ ಉಳೀತಾರ. ಇದು ಖರೇ ಏನ್ರಿ?

ನೆಲ ಮುಟ್ಟೋಕಿಂತ ಮೊದಲೇ ಎಂಜಿನ್ ಬಂದ್ ಮಾಡಿ ಪ್ರೊಪೆಲರ್ ಉಳಿಸಬಹುದಾ?

ಕೊನೀದು: 172ಕ್ಕ ಮಡಚೋ ಗೇರೇ ಇಲ್ಲ, ಆದ್ರೂ ಅಪಘಾತದ ಫೋಟೋದಾಗ ಅದು ಬಹಳ ಸಲ ಮೂಗು ಊರಿಕೊಂಡೇ ನಿಂತಿರ್ತದ. ಯಾಕ?

ಮೂರು_ಹಸಿರು:

ಮೊದಲು ಸರ್ಕ್ಯೂಟ್ (ಇಳಿಯುವ ವಿಮಾನಗಳು ರನ್‌ವೇ ಸುತ್ತ ಹಾರುವ ದಾರಿ) ಬಿಟ್ಟು ಹೊರಗೆ ಬನ್ನಿ. ಡೌನ್‌ವಿಂಡ್‌ನಲ್ಲಿ, ಸಾವಿರ ಅಡಿ ಎತ್ತರದಲ್ಲಿ ಕೂತು ಬಿಡಿಸುವ ಗಂಟಲ್ಲ ಇದು. ಟವರ್‌ಗೆ ಹೇಳಿ, ಎರಡು ಮೂರು ಸಾವಿರ ಅಡಿಗೆ ಏರಿ, ಬೇರೆ ವಿಮಾನಗಳಿಲ್ಲದ ಕಡೆ ಸುತ್ತು ಹಾಕುತ್ತ ಇರಿ. ಇಬ್ಬರಿದ್ದರೆ ಒಬ್ಬರು ಹಾರಿಸುವುದು ಮಾತ್ರ, ಇನ್ನೊಬ್ಬರು ಚೆಕ್‌ಲಿಸ್ಟ್ ಓದುವುದು ಮಾತ್ರ. ಯಾರು ಏನು ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1972ರ ಡಿಸೆಂಬರ್ 29ರಂದು ಅಮೆರಿಕದ ಮಿಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಜವುಗು ನೆಲಕ್ಕೆ ಬಿತ್ತು. ನೋಸ್ ಗೇರ್ (ಮೂಗಿನ ಗಾಲಿ) ಸರಿಯಾಗಿಯೇ ಇಳಿದಿತ್ತು, ಅದರ ಬಲ್ಬ್ ಸುಟ್ಟಿತ್ತು, ಅಷ್ಟೇ. ಕಾಕ್‌ಪಿಟ್‌ನಲ್ಲಿದ್ದವರೆಲ್ಲರ ಗಮನ ಬಲ್ಬಿನ ಮೇಲೆ ಹೋಯಿತು, ಆಟೊಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಆರು ವರ್ಷದ ನಂತರ, 1978ರ ಡಿಸೆಂಬರ್ 28ರಂದು, ಯುನೈಟೆಡ್‌ನ 173ನೇ ವಿಮಾನ ಪೋರ್ಟ್‌ಲೆಂಡ್ ಬಳಿ ಗೇರ್ ತಕರಾರನ್ನು ಪರೀಕ್ಷಿಸುತ್ತ ಸುತ್ತಿ ಸುತ್ತಿ ಇಂಧನ ಖಾಲಿಯಾಗಿ ಬಿತ್ತು. ಎರಡೂ ದೊಡ್ಡ ವಿಮಾನಗಳು, ನುರಿತ ಪೈಲಟ್‌ಗಳು. ಜೀವ ಹೋದದ್ದು ಗೇರಿನಿಂದಲ್ಲ, ಗೇರನ್ನೇ ನೋಡುತ್ತ ಕೂತದ್ದರಿಂದ. ಹಾಗಾಗಿ ಮೇಲೇರಿದ ಕೂಡಲೇ ಇಂಧನ ಎಷ್ಟಿದೆ ನೋಡಿ, "ಇಷ್ಟು ಗಂಟೆಗೆ ಇಳಿದೇ ತೀರುವುದು" ಎಂದು ಒಂದು ಸಮಯವನ್ನು ಮಂಡಿ ಮೇಲಿನ ಪ್ಯಾಡ್‌ನಲ್ಲಿ ಬರೆದುಕೊಳ್ಳಿ. ಇಂಧನ ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ ಎಂಬುದು ನಿಜ, ಆದರೆ ಒಂದೆರಡು ಸಲ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡುವಷ್ಟು ಉಳಿದಿರಲೇಬೇಕು.

ಇನ್ನು ದೀಪದ ವಿಚಾರ. ಟೆಸ್ಟ್ ಬಟನ್ ಇದ್ದರೆ ಒತ್ತಿ. ಬಲ್ಬ್ ಬಿಚ್ಚಲು ಬರುವ ವಿಮಾನವಾದರೆ ಉರಿಯುತ್ತಿರುವ ಮೇನ್ ಗೇರ್ (ಎಡ-ಬಲದ ದೊಡ್ಡ ಗಾಲಿ) ಬಲ್ಬನ್ನು ತೆಗೆದು ಮೂಗಿನ ಜಾಗಕ್ಕೆ ಹಾಕಿ ನೋಡಿ. ಪೈಪರ್ ಆರೋ (ಗಾಲಿ ಮಡಚುವ ಒಂದೇ ಎಂಜಿನ್ನಿನ ಸಣ್ಣ ವಿಮಾನ) ಹಾರಿಸುವವರಿಗೆ ಇನ್ನೊಂದು ಮಾತು: ಪ್ಯಾನೆಲ್ ಲೈಟ್ ಹಾಕಿದ್ದರೆ ಗೇರ್ ದೀಪಗಳು ರಾತ್ರಿಗೆಂದು ತಾವೇ ಮಂಕಾಗುತ್ತವೆ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಮಂಕಾದ ಹಸಿರು ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಆ ವಿಮಾನದ ತುರ್ತು ಚೆಕ್‌ಲಿಸ್ಟ್‌ನಲ್ಲಿ ಹಗಲು ಹೊತ್ತು ಪ್ಯಾನೆಲ್ ಲೈಟ್ ಆರಿಸಿ ಎಂದೇ ಒಂದು ಸಾಲಿದೆ.

ದೀಪ ಸರಿ ಇದ್ದರೆ ಸರ್ಕ್ಯೂಟ್ ಬ್ರೇಕರ್ ಸಾಲಿನ ಮೇಲೆ ಬೆರಳು ಆಡಿಸಿ. ಕಣ್ಣಲ್ಲಿ ನೋಡಿದರೆ ಸಾಲದು, ಅರ್ಧ ಹೊರಬಂದದ್ದು ಬೆರಳಿಗೆ ಮಾತ್ರ ಸಿಗುತ್ತದೆ. ಗೇರ್ ಪಂಪಿನ ಬ್ರೇಕರ್ ಹಾರಿದ್ದರೆ ಒಂದೆರಡು ನಿಮಿಷ ಆರಲು ಬಿಟ್ಟು ಒಂದೇ ಸಲ ಒಳಗೆ ಒತ್ತಿ. ಮತ್ತೆ ಹಾರಿದರೆ ಮುಟ್ಟಬೇಡಿ, ವೈರ್ ಸುಡುತ್ತದೆ.

ಅದೂ ಆಗದಿದ್ದರೆ ತುರ್ತು ಗೇರ್ ಇಳಿಕೆ. ಡಿಎ42 (ಡೈಮಂಡ್ ಕಂಪನಿಯ ಎರಡು ಎಂಜಿನ್ನಿನ ವಿಮಾನ) ಮತ್ತು ಆರೋ ಎರಡರಲ್ಲೂ ಮೇಲೆ ಮಡಚಿದ ಗೇರನ್ನು ಹಿಡಿದಿರುವುದು ಹೈಡ್ರಾಲಿಕ್ ಒತ್ತಡ ಒಂದೇ, ಮೇಲೆ ಕೊಕ್ಕೆ ಇಲ್ಲ. ತುರ್ತು ಹಿಡಿಕೆ ಎಳೆದರೆ ಒತ್ತಡ ಬಿಟ್ಟುಹೋಗಿ ಗೇರ್ ತನ್ನ ಭಾರಕ್ಕೆ ಬೀಳುತ್ತದೆ, ಕೆಳಗಿನ ಲಾಕ್ ಅನ್ನು ಸ್ಪ್ರಿಂಗ್ ಕೂರಿಸುತ್ತದೆ. ಆರೋದಲ್ಲಿ ಮುಂದಿನ ಗಾಲಿ ಹಿಂದಕ್ಕೆ ಮಡಚುತ್ತದೆ, ಅಂದರೆ ಇಳಿಯುವಾಗ ಗಾಳಿಗೆ ಎದುರಾಗಿ ಬರಬೇಕು. ವೇಗವನ್ನು ಸುಮಾರು 85 ನಾಟ್‌ಗಿಂತ ಕೆಳಗಿಳಿಸಿ ಎನ್ನುವುದು ಅದಕ್ಕೆ. ಆಗಲೂ ಲಾಕ್ ಕೂರದಿದ್ದರೆ ರಡ್ಡರ್‌ನಿಂದ ಮೂಗನ್ನು ಎಡಕ್ಕೆ ಬಲಕ್ಕೆ ಜಾಡಿಸಿ. ಪ್ರತಿ ಮಾದರಿಗೂ ವೇಗ, ಹಿಡಿಕೆ, ಕಾಯುವ ಸಮಯ ಬೇರೆ ಬೇರೆ. ನಿಮ್ಮ ವಿಮಾನದ ಕೈಪಿಡಿಯ ಆ ಪುಟವನ್ನು ನೆಲದ ಮೇಲೆ ಕೂತೇ ಬಾಯಿಪಾಠ ಮಾಡಿ. ಒಮ್ಮೆ ತುರ್ತು ಹಿಡಿಕೆ ಎಳೆದು ಮೂರು ಹಸಿರು ಬಂದವೋ, ಆಮೇಲೆ ಪರೀಕ್ಷೆಗೆಂದು ಗೇರ್ ಮೇಲೆತ್ತಬೇಡಿ. ಇಳಿಯಿರಿ.

ಟವರ್ ಮುಂದೆ ತಗ್ಗಿನಲ್ಲಿ ಹಾದು ಹೋಗಿ ತೋರಿಸುವುದು ರೂಢಿ. ಆದರೆ ಟವರ್‌ನವರು ಹೇಳಬಲ್ಲದ್ದು ಗಾಲಿ ತೂಗುತ್ತಿದೆಯೋ ಇಲ್ಲವೋ ಎಂಬುದಷ್ಟೇ. ಲಾಕ್ ಕೂತಿದೆಯೇ ಎಂಬುದು ದುರ್ಬೀನಿನಲ್ಲಿ ಕಾಣುವುದಿಲ್ಲ. "ಇಳಿದಂಗ ಕಾಣ್ತದ" ಎಂಬ ಮಾತು ಕೇಳಿ ಮಾಮೂಲಿ ಲ್ಯಾಂಡಿಂಗ್ ಮಾಡಲು ಹೋಗಬೇಡಿ, ಲಾಕ್ ಇಲ್ಲ ಎಂದುಕೊಂಡೇ ಇಳಿಸಿ.

ತೊಗರಿ_ಬದು (ಚಿತ್ತಾಪುರ):

ಎರಡನೇ ಪ್ರಶ್ನೆಕ್ಕ ನಾ ಹೇಳ್ತೀನಿ. ಚಹಾದಂಗಡಿ ಮಾತು ತಪ್ಪು. ಎಂಜಿನ್ ಚಾಲೂ ಇದ್ದು, ಗೇರ್ ಅಷ್ಟೇ ಕೆಟ್ಟಿದ್ರ ಹೊಲದ ಕಡಿ ಕಣ್ಣೆತ್ತಿ ನೋಡಬ್ಯಾಡ್ರಿ. ಹೊಲ ಇರೋದು ಎಂಜಿನ್ ನಿಂತು ರನ್‌ವೇ ಮುಟ್ಟಲಿಕ್ಕ ಆಗದವರಿಗೆ.

ಎರಿ ಮಣ್ಣು ಮ್ಯಾಲಿಂದ ನೋಡಿದ್ರ ಹಾಸಿಗಿ ಹಂಗ ಕಾಣ್ತದ. ಹಸಿ ಇದ್ರ ಗಾಲಿ ಹೂತು ಅಲ್ಲೇ ಹಿಡ್ಕೊಂಬಿಡ್ತದ, ವಿಮಾನ ಮುಂದ ಪಲ್ಟಿ ಹೊಡೀತದ. ಹೊಟ್ಟಿ ಮ್ಯಾಲ ಇಳಿಸಿದ್ರೂ ಅಷ್ಟೇ, ಮೂಗು ಮಣ್ಣು ಕೆದರಿ ಒಳಗ ಹೊಕ್ತದ. ಒಣಗಿದ್ರ ಬಿರುಕು ಬಿಟ್ಟು ಹೆಂಟಿ ಕಲ್ಲಾಗಿರ್ತಾವ. ಅದರ ಮ್ಯಾಲ ಬದು, ನಾಲಾ, ಬದುವಿನ ಮ್ಯಾಲ ಒಟ್ಟಿದ ಕಲ್ಲು, ಕರೆಂಟ್ ಕಂಬ, ಬೋರ್‌ವೆಲ್ ಪೈಪು. 500 ಅಡಿ ಮ್ಯಾಲಿಂದ ಇವು ಒಂದೂ ಕಾಣಂಗಿಲ್ಲ. ತೊಗರಿ ಅಂತೂ ಡಿಸೆಂಬರ್ ಹೊತ್ತಿಗೆ ಎದಿ ಮಟ್ಟ ಬಂದಿರ್ತದ, ಬುಡ ಕಟ್ಟಿಗಿ ಆಗಿರ್ತದ. ಕೊಯ್ದ ಮ್ಯಾಲ ಉಳಿಯೋ ಕೂಳಿ ಟ್ರ್ಯಾಕ್ಟರ್ ಟೈರೇ ಹರೀತದ, ಇನ್ನ ವಿಮಾನದ ಹೊಟ್ಟಿ ತಗಡು ಎಷ್ಟರದು? ಎಂಜಿನ್ನೇ ನಿಂತು ಹೊಲಾನೇ ಗತಿ ಆದ್ರ ಬಿತ್ತೋದಕ್ಕ ಹರಗಿ ಬಿಟ್ಟ ಒಣ ಹೊಲ ನೋಡ್ರಿ, ಸಾಲಿನ ಗುಂಟ ಇಳಿಸ್ರಿ, ಸಾಲಿಗೆ ಅಡ್ಡ ಬ್ಯಾಡ.

ಈ ಕಡಿ ಕಲಬುರಗಿ ರನ್‌ವೇ ನೋಡ್ರಿ: 3,175 ಮೀಟರ್ ಉದ್ದ, 45 ಮೀಟರ್ ಅಗಲ, ಬಾಜೂಕ ಬೆಂಕಿ ಗಾಡಿ, ಆಂಬುಲೆನ್ಸ್. ಹೊಟ್ಟಿ ಮ್ಯಾಲ ಇಳಿದ ಸಣ್ಣ ವಿಮಾನ ಕೆಲವೇ ನೂರು ಮೀಟರ್ ಜಾರಿ ನಿಲ್ತದ. ನುಣುಪು ನೆಲದ ಮ್ಯಾಲ ಜಾರೋದ್ರಿಂದ ವೇಗ ಸಾವಕಾಶ ಇಳೀತದ, ಒಳಗಿನ ಮಂದಿಗೆ ಹೊಡೆತ ಕಮ್ಮಿ. ಕಿಡಿ ಹಾರೋದು ಖರೇ, ಆದ್ರ ರೆಕ್ಕಿದಾಗಿನ ಟ್ಯಾಂಕ್ ಒಡದು ಇಂಧನ ಸೋರಿದ್ರ ಮಾತ್ರ ಅದು ಬೆಂಕಿ ಆಗ್ತದ, ಟ್ಯಾಂಕ್ ಒಡಿಯೋದು ಕಲ್ಲು-ಬದುವಿಗೆ ಬಡದಾಗ. ರನ್‌ವೇ ಮ್ಯಾಲ ನೊರಿ ಹಾಸೋದು ಹಳೇ ಪದ್ಧತಿ, ಈಗ ಶಿಫಾರಸ್ಸು ಇಲ್ಲ. ಅದನ್ನ ಕಾಯ್ಕೋತ ಸುತ್ತು ಹಾಕಬ್ಯಾಡ್ರಿ.

ರಿವೆಟ್:

ಕೊನೆಯ ಪ್ರಶ್ನೆ ನಿರ್ವಹಣೆಯವರ ಪಾಲಿನದ್ದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

172ರ ಮೇನ್ ಗೇರ್ ಸ್ಪ್ರಿಂಗ್ ಸ್ಟೀಲ್ ಕೊಳವೆ. ಸಾಕಷ್ಟು ಒದೆ ತಿಂದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ನೋಸ್ ಗೇರ್ ಹಾಗಲ್ಲ. ಅದು ಎಣ್ಣೆ-ಗಾಳಿ ತುಂಬಿದ ಓಲಿಯೋ ಸ್ಟ್ರಟ್, ಅದರ ಬುಡ ಕೂತಿರುವುದು ಎಂಜಿನ್ ಹಿಂದಿನ ಫೈರ್‌ವಾಲ್ ಎಂಬ ತೆಳು ತಗಡಿನ ಗೋಡೆಯಲ್ಲಿ. ನೆಲದ ಮೇಲೆ ತಿರುಗಿಸಲು, ಮೂಗಿನ ಪಾಲಿನ ಭಾರ ಹೊರಲು ಅದನ್ನು ಮಾಡಿದ್ದಾರೆಯೇ ಹೊರತು ಲ್ಯಾಂಡಿಂಗ್ ಹೊಡೆತ ತಿನ್ನಲು ಅಲ್ಲ.

ಮುರಿಯುವ ದಾರಿ ಬಹುತೇಕ ಒಂದೇ. ವೇಗ ಹೆಚ್ಚಿಟ್ಟುಕೊಂಡು ಬರುತ್ತಾರೆ. 172ಎಸ್‌ನಲ್ಲಿ ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂದಿನ ಇಳಿಬಿಡುವ ಪಟ್ಟಿ) ಹಾಕಿ ಶಾರ್ಟ್ ಫೀಲ್ಡ್‌ಗೆ, ಅಂದರೆ ಗಿಡ್ಡ ರನ್‌ವೇಗೆ, 61 ನಾಟ್ ಎಂದರೆ ಇವರು 70ಕ್ಕೂ ಮೇಲೆ. ವಿಮಾನ ತೇಲುತ್ತದೆ, ಇಳಿಯುವುದಿಲ್ಲ. ಬಲವಂತವಾಗಿ ಕೂರಿಸಲು ಹೋದಾಗ ಪುಟಿಯುತ್ತದೆ. ಪುಟಿದಾಗ ಯೋಕ್ (ಪೈಲಟ್ ಕೈಯ ಸ್ಟೀರಿಂಗ್ ಹಿಡಿಕೆ) ಮುಂದಕ್ಕೆ ತಳ್ಳುತ್ತಾರೆ, ಮೂಗು ಮೊದಲು ನೆಲಕ್ಕೆ ಬಡಿಯುತ್ತದೆ, ಇನ್ನೂ ಎತ್ತರಕ್ಕೆ ಪುಟಿಯುತ್ತದೆ. ಎರಡನೆಯದೋ ಮೂರನೆಯದೋ ಪುಟಿತಕ್ಕೆ ಫೋರ್ಕ್ ಮುರಿದು, ಫೈರ್‌ವಾಲ್ ಮಡಚಿ, ಪ್ರೊಪೆಲರ್ ನೆಲ ಕಚ್ಚುತ್ತದೆ. ಮೊದಲ ಪುಟಿತಕ್ಕೇ ಮೂಗು ದಿಗಂತಕ್ಕೆ ಸಮ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟು ಗೋ-ಅರೌಂಡ್ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಬಿಸಿಲು ಇದಕ್ಕೆ ಒಗ್ಗರಣೆ ಹಾಕುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರ. ಮೇ ತಿಂಗಳ ಮಧ್ಯಾಹ್ನ 45 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವೇಗ ತೋರಿಸುವ ಮೀಟರಿನಲ್ಲಿ 61 ನಾಟ್ ಕಂಡಾಗ ನಿಜವೇಗ 66ರ ಹತ್ತಿರ ಇರುತ್ತದೆ. ವೇಗ ಶೇಕಡಾ 8 ಹೆಚ್ಚಾದರೆ ಚಲನಶಕ್ತಿ ಶೇಕಡಾ 17ರಷ್ಟು ಹೆಚ್ಚು. ಕಾದ ರನ್‌ವೇಯಿಂದ ಏಳುವ ಬಿಸಿಗಾಳಿ ಬೇರೆ ತೇಲಿಸುತ್ತದೆ. ನೆಲ ಓಡುವುದು ಜೋರಾಗಿ ಕಂಡು ಬ್ರೇಕ್ ಒತ್ತುತ್ತಾರೆ, ಆಗ ಭಾರವೆಲ್ಲ ಮೂಗಿನ ಮೇಲೆ ಬೀಳುತ್ತದೆ.

ಹಾರುವ ಮುಂಚೆ ನೋಡಬೇಕಾದದ್ದು: 172ಎಸ್‌ನಲ್ಲಿ ಮುಂದಿನ ಟೈರ್ 5.00-5, ಒತ್ತಡ 45 ಪಿಎಸ್‌ಐ. ಮೇನ್ ಟೈರ್ 6.00-6, ಒತ್ತಡ 42. ನೋಸ್ ಸ್ಟ್ರಟ್‌ಗೂ 45. ಅಳತೆ ಬೆಳಗ್ಗೆ ತಣ್ಣಗಿದ್ದಾಗಲೇ ಆಗಬೇಕು. 25 ಡಿಗ್ರಿಯಲ್ಲಿ 42 ಇದ್ದದ್ದು 45 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ 46ರ ಹತ್ತಿರ ತೋರಿಸುತ್ತದೆ. ಮಧ್ಯಾಹ್ನ ಅಳೆದು "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರ್ ಕಡಿಮೆ ಗಾಳಿಯಲ್ಲಿ ಓಡುತ್ತದೆ. ಸ್ಟ್ರಟ್‌ನ ಹೊಳೆಯುವ ಕ್ರೋಮ್ ಭಾಗಕ್ಕೆ ಕೆಂಪು ಎಣ್ಣೆ ಒಸರಿದ್ದರೆ ಸೀಲ್ ಹೋಗಿದೆ ಎಂದರ್ಥ. ಅದು 5606 ನಮೂನೆಯ ಹೈಡ್ರಾಲಿಕ್ ಎಣ್ಣೆ, ಬಣ್ಣವೇ ಕೆಂಪು. ಇಲ್ಲಿಯ ಧೂಳು ಆ ಎಣ್ಣೆಗೆ ಅಂಟಿ ಉಪ್ಪುಕಾಗದದಂತೆ ಸೀಲನ್ನು ಉಜ್ಜುತ್ತದೆ. ಅದೇ ಎಣ್ಣೆ ಹಚ್ಚಿದ ಶುಭ್ರ ಬಟ್ಟೆಯಲ್ಲಿ ಕ್ರೋಮ್ ಒರೆಸುವುದಕ್ಕೆ ಅರ್ಧ ನಿಮಿಷ ಸಾಕು, ಯಾರೂ ಮಾಡುವುದಿಲ್ಲ.

ಮುಂದಿನ ಗಾಲಿ ಗಡಗಡ ನಡುಗಿದರೆ ಮೊದಲು ನೋಡಬೇಕಾದದ್ದು ಟಾರ್ಕ್ ಲಿಂಕ್‌ನ ಬುಷ್ ಸವೆತ, ಶಿಮ್ಮಿ ಡ್ಯಾಂಪರ್‌ನ ಎಣ್ಣೆ, ಟೈರಿನ ಸಮತೋಲ. ಲ್ಯಾಂಡಿಂಗ್ ಓಟದಲ್ಲಿ ನಡುಗಲು ಶುರುವಾದರೆ ಯೋಕ್ ಪೂರ್ತಿ ಹಿಂದಕ್ಕೆ ಎಳೆದು ಮೂಗಿನ ಭಾರ ಇಳಿಸಿ, ಬ್ರೇಕ್ ಮೇಲೆ ಹತ್ತಿ ನಿಲ್ಲಬೇಡಿ.

ಗಟ್ಟಿ ಲ್ಯಾಂಡಿಂಗ್ ಆದರೆ ದಯವಿಟ್ಟು ಲಾಗ್‌ನಲ್ಲಿ ಬರೆಯಿರಿ. "ಏನೂ ಆಗಿಲ್ಲ" ಎಂದು ಮುಂದಿನವರ ಕೈಗೆ ವಿಮಾನ ಕೊಡುವುದೇ ಮುಂದಿನ ಅಪಘಾತದ ಶುರು. ನಾವು ನೋಡುವುದು ಫೈರ್‌ವಾಲ್‌ನ ಕೆಳಭಾಗದಲ್ಲಿ ಸುಕ್ಕು, ಸಡಿಲಾದ ರಿವೆಟ್ ಸುತ್ತ ಕಪ್ಪು ಮಸಿ, ಕೌಲಿಂಗ್ ಮತ್ತು ಫೈರ್‌ವಾಲ್ ನಡುವಿನ ಸಂದು ಎರಡೂ ಬದಿ ಸಮ ಇದೆಯೇ, ಎಂಜಿನ್ ಮೌಂಟ್‌ನ ಬೆಸುಗೆಯಲ್ಲಿ ಬಿರುಕು. ಕೌಲಿಂಗ್ ಬಿಚ್ಚದೆ ಇದರಲ್ಲಿ ಅರ್ಧ ಕಾಣುವುದಿಲ್ಲ.

ಮಡಚುವ ಗೇರಿನದು ಬೇರೆಯೇ ಪಟ್ಟಿ: ಮೈಕ್ರೊ ಸ್ವಿಚ್ ಜರುಗಿರುವುದು, ಆಕ್ಚುಯೇಟರ್ ಸೀಲ್ ಸೋರುವುದು, ಡೌನ್‌ಲಾಕ್ ಸ್ಪ್ರಿಂಗ್ ಸೋತಿರುವುದು, ಗೇರ್ ಕೀಲುಗಳಲ್ಲಿ ಗ್ರೀಸ್ ಒಣಗಿರುವುದು. ಮಡಚುವ ಗೇರಿನ ಪೈಪರ್‌ಗಳಲ್ಲಿ ಮೇನ್ ಗೇರ್‌ನ ಸೈಡ್ ಬ್ರೇಸ್ ಸ್ಟಡ್ ಬಿರುಕು ಬಿಡುತ್ತದೆಂದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 95-20-07 ಎಂಬ ಕಡ್ಡಾಯ ನಿರ್ದೇಶನವನ್ನೇ ಹೊರಡಿಸಿದೆ. ಈ ಸ್ಟಡ್ ಮುರಿದರೆ ಮೂರು ಹಸಿರು ಕಂಡೇ ಇಳಿದಿದ್ದರೂ ಗೇರ್ ಓಟದ ನಡುವೆ ಕುಸಿಯಬಹುದು.

ಬ್ರೇಕರ್ ಬಗ್ಗೆ ಮೇಲೆ ಬರೆದದ್ದಕ್ಕೆ ಒಂದು ಸೇರ್ಪಡೆ. 2011ರ ನವೆಂಬರ್ 1ರಂದು ಪೋಲೆಂಡಿನ ಲಾಟ್ ಕಂಪನಿಯ ಬೋಯಿಂಗ್ 767 ವಾರ್ಸಾದಲ್ಲಿ ಹೊಟ್ಟೆ ಮೇಲೆ ಇಳಿಯಿತು. ಒಳಗಿದ್ದ 231 ಜನರೂ ಉಳಿದರು. ಹೈಡ್ರಾಲಿಕ್ ಎಣ್ಣೆ ಸೋರಿದ್ದು ನಿಜ, ಆದರೆ ಪರ್ಯಾಯವಾಗಿ ಗೇರ್ ಇಳಿಸುವ ವಿದ್ಯುತ್ ವ್ಯವಸ್ಥೆ ಕೆಲಸ ಮಾಡದಿರಲು ಕಾರಣ ಸಿ829 ಎಂಬ ಒಂದು ಬ್ರೇಕರ್ ಹೊರಗೆ ಬಂದಿದ್ದದ್ದು. ಆಮೇಲೆ ವಿಮಾನವನ್ನು ಎತ್ತಿ ಹಿಡಿದು ಬ್ರೇಕರ್ ಒಳಗೆ ಒತ್ತಿದಾಗ ಗೇರ್ ಇಳಿಯಿತು.

ಶರಣು_ಆಕಾಶ:

ಭಾಳ ಉಪಕಾರ ಆತ್ರಿ ಎಲ್ಲರದೂ. ಎಂಜಿನ್ ಬಂದ್ ಮಾಡೋದಕ್ಕ ಇನ್ನೂ ಉತ್ತರ ಬಂದಿಲ್ಲ. ಮತ್ತ ಮೂಗಿನ ಗಾಲಿ ಬದಲು ಒಂದು ಬಾಜೂದ ಮೇನ್ ಗೇರ್ ಬರಲಿಲ್ಲಂದ್ರ? ಬೀದರ್‌ಕ್ಕ ಹೋಗೋದು ಛಲೋನಾ?

ಬೀದರ್_ಕೋಟೆ:

ಎಂಜಿನ್ ವಿಷಯದಲ್ಲಿ ಎರಡು ಪಂಥ ಇವೆ. ನನ್ನದು ಖಡಾಖಂಡಿತ: ಗಾಳಿಯಲ್ಲಿರುವಾಗ ಬಂದ್ ಮಾಡಬೇಡಿ. ಮಿಕ್ಸ್ಚರ್ (ಎಂಜಿನ್‌ಗೆ ಇಂಧನ ಹೆಚ್ಚು-ಕಡಿಮೆ ಮಾಡುವ ಲಿವರ್) ಎಳೆದು ಇಂಧನ ನಿಲ್ಲಿಸಿದರೂ ಪ್ರೊಪೆಲರ್ ಗಾಳಿಗೆ ತಿರುಗುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಸ್ಟಾಲ್ (ರೆಕ್ಕೆ ವಿಮಾನವನ್ನು ಹೊರಲಾರದ ಸ್ಥಿತಿ) ಹತ್ತಿರ ವೇಗ ಇಳಿಸಬೇಕು, ಆಮೇಲೆ ಎರಡು ಅಲಗಿನದಾದರೆ ಸ್ಟಾರ್ಟರ್ ತಟ್ಟಿ ತಟ್ಟಿ ಅಡ್ಡ ನಿಲ್ಲಿಸಬೇಕು. ಇನ್ನೂರು ಅಡಿ ಮೇಲೆ ತಲೆ ಬಗ್ಗಿಸಿ ಇದನ್ನು ಮಾಡುವಾಗ ಗೋ-ಅರೌಂಡ್ ಎಂಬ ಒಂದೇ ದಾರಿಯೂ ಮುಚ್ಚಿರುತ್ತದೆ. ಉಳಿಸುವುದು ಏನು? ಪ್ರೊಪೆಲರ್, ಅದೂ ಉಳಿದರೆ. ಅದಕ್ಕೆ ವಿಮೆ ಇದೆ.

ಸರಿಯಾದ ಹೊತ್ತು ಎಂದರೆ ಮೇನ್ ಗಾಲಿಗಳು ನೆಲ ಮುಟ್ಟಿ, ಮೂಗು ಇನ್ನೂ ಮೇಲಿರುವಾಗ. ಥ್ರಾಟಲ್ ಹಿಂದೆ, ಮಿಕ್ಸ್ಚರ್ ಕಟ್-ಆಫ್, ಇಂಧನ ಸೆಲೆಕ್ಟರ್ ಆಫ್, ಇಗ್ನಿಷನ್ ಆಫ್, ಮಾಸ್ಟರ್ ಆಫ್. ಡಿಎ42 ಆದರೆ ಮಿಕ್ಸ್ಚರ್ ಲಿವರ್ ಇಲ್ಲ, ಅದರ ಬದಲು ಎಂಜಿನ್ ಮಾಸ್ಟರ್ ಸ್ವಿಚ್‌ಗಳನ್ನು ಆಫ್ ಮಾಡಿ. ಕೈ ಖಾಲಿ ಇಲ್ಲದಿದ್ದರೆ ಎಲ್ಲವನ್ನೂ ಬಿಟ್ಟು ನೇರ ಹಿಡಿಯುವುದೇ ಕೆಲಸ.

ಮೂಗಿನ ಗಾಲಿ ಇಲ್ಲದೆ ಇಳಿಸುವುದು ಹೀಗೆ: ಕೈಪಿಡಿಯ ಭಾರ ಮಿತಿಯೊಳಗೆ ಸಾಮಾನು, ಪ್ರಯಾಣಿಕರನ್ನು ಹಿಂದಕ್ಕೆ ಸರಿಸಿ, ಹಾರುತ್ತಿರುವಾಗಲೇ, ಎತ್ತರದಲ್ಲಿ. ಪೂರ್ತಿ ಫ್ಲ್ಯಾಪ್, ಮಾಮೂಲಿ ವೇಗ. ಮೇನ್ ಗಾಲಿ ಮುಟ್ಟಿದ ಮೇಲೆ ಎಲಿವೇಟರ್‌ನಿಂದ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಮೂಗು ಹಿಡಿದಿಡಿ. ಆದರೆ ಕೊನೆಯ ತನಕ ಅಲ್ಲ. ಎಲಿವೇಟರ್‌ಗೆ ಬಲ ಇರುವಾಗಲೇ ನೀವಾಗಿ ಮೆಲ್ಲಗೆ ಇಳಿಸಿ. ಬಲ ಪೂರ್ತಿ ಹೋದ ಮೇಲೆ ಅದು ತಾನೇ ಧೊಪ್ಪನೆ ಬೀಳುತ್ತದೆ, ಫೈರ್‌ವಾಲ್ ಹೋಗುವುದು ಆಗ. ಬ್ರೇಕ್ ಬೇಡ. ಮೂರು ಕಿಲೋಮೀಟರ್ ರನ್‌ವೇ ಇರುವಾಗ ಬ್ರೇಕಿನ ಗರಜೇ ಇಲ್ಲ.

ಒಂದು ಬದಿಯ ಮೇನ್ ಗೇರ್ ಬಾರದಿದ್ದರೆ ಮೊದಲ ಆಯ್ಕೆ, ಕೈಪಿಡಿ ಒಪ್ಪಿದರೆ ಮತ್ತು ಗೇರ್ ಮೇಲೆ ಹೋಗುವಂತಿದ್ದರೆ, ಎಲ್ಲವನ್ನೂ ಮಡಚಿ ಹೊಟ್ಟೆ ಮೇಲೆ ಇಳಿಯುವುದು. ಸಮನಾಗಿ ಜಾರುತ್ತದೆ. ಮಡಚಲಿಕ್ಕೂ ಬರದಿದ್ದರೆ ಅಡ್ಡಗಾಳಿ ಸರಿ ಇರುವ ಗಾಲಿಯ ಕಡೆಯಿಂದ ಬರುವಂತೆ ರನ್‌ವೇ ದಿಕ್ಕು ಆರಿಸಿ. ಕಲಬುರಗಿಯಲ್ಲಿ ಅದು 09 (ಪೂರ್ವಕ್ಕೆ) ಅಥವಾ 27 (ಪಶ್ಚಿಮಕ್ಕೆ). ಕೆಟ್ಟ ಬದಿಯ ರೆಕ್ಕೆ ನೆಲ ಮುಟ್ಟಿದಾಗ ವಿಮಾನ ಆ ಕಡೆ ತಿರುಗುತ್ತದೆ, ಗಾಳಿ ಅದನ್ನು ಈ ಕಡೆ ಎಳೆಯುತ್ತದೆ. ಅದಕ್ಕೇ ಸರಿ ಇರುವ ಗಾಲಿಯ ಕಡೆಯ ಅಂಚಿನ ಹತ್ತಿರ ಇಳಿಸಿ, ತಿರುಗಿದರೂ ಮುಂದೆ ರನ್‌ವೇ ಉಳಿದಿರಲಿ. ಏಲೆರಾನ್‌ನಿಂದ (ರೆಕ್ಕೆ ಓರೆ ಮಾಡುವ ಪಟ್ಟಿ) ಕೆಟ್ಟ ಬದಿಯ ರೆಕ್ಕೆಯನ್ನು ಆದಷ್ಟು ಹೊತ್ತು ಎತ್ತಿ ಹಿಡಿಯಿರಿ.

ಬೀದರ್ ಗಾಳಿದಾರಿಯಲ್ಲಿ ಸುಮಾರು 90 ಕಿಲೋಮೀಟರ್. ಅದು ವಾಯುಪಡೆಯ ನೆಲೆ, ಹಾಕ್ ವಿಮಾನಗಳ ತರಬೇತಿ ನಡೆಯುವ ಜಾಗ. ಒಪ್ಪಿಗೆಯೆಲ್ಲ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಮೂಲಕವೇ ಬರಬೇಕು. ಗೇರ್ ಒಂದೇ ತೊಂದರೆಯಾಗಿದ್ದರೆ ಕಲಬುರಗಿ ಬಿಟ್ಟು ಬರುವುದಕ್ಕೆ ಕಾರಣ ಕಾಣುವುದಿಲ್ಲ. ಒಂದು ಮಾತ್ರ ತಿಳಿದಿರಲಿ: ಕಲಬುರಗಿಯಲ್ಲಿರುವುದು ಒಂದೇ ರನ್‌ವೇ. ನೀವು ಅದರ ಮೇಲೆ ಕೂತುಬಿಟ್ಟರೆ ಎತ್ತಿ ಸರಿಸುವ ತನಕ ನಿಲ್ದಾಣವೇ ಬಂದ್. ಹಾಗಾಗಿ ಬರಬೇಕಾದ ವಿಮಾನ ಇಳಿಯುವ ತನಕ ಕಾಯಿರಿ ಎಂದು ಟವರ್ ಕೇಳಬಹುದು. ಇಂಧನ ಇದ್ದರೆ ಒಪ್ಪಿ, ಇಲ್ಲದಿದ್ದರೆ "ಮೇಡೇ" (ಪ್ರಾಣಾಪಾಯದ ಕರೆ) ಎಂದು ಹೇಳಿ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700 ಹಾಕಿ. ಸಂಕೋಚ ಬೇಡ.

ಮೂರು_ಹಸಿರು:

ಕೋಟೆಯವರ ಮಾತಿಗೆ ನನ್ನದೊಂದು ಸಣ್ಣ ತಕರಾರು. ಗೇರ್ ಸಂಶಯ ಬಂದ ಮೊದಲ ಕ್ಷಣದಲ್ಲೇ "ಪ್ಯಾನ್ ಪ್ಯಾನ್" (ಮೇಡೇಗಿಂತ ಒಂದು ಮೆಟ್ಟಿಲು ಕೆಳಗಿನ ತುರ್ತು ಕರೆ) ಎನ್ನಬೇಕು, ಇಂಧನ ಕಡಿಮೆಯಾಗುವ ತನಕ ಕಾಯಬಾರದು. ಬೆಂಕಿ ಗಾಡಿ ಜಾಗಕ್ಕೆ ಬರಲು, ರನ್‌ವೇ ಖಾಲಿಯಾಗಲು ಸಮಯ ಬೇಕು. ಇಳಿಸಲು ಹೊರಟಾಗ ಗೇರ್ ಇನ್ನೂ ಸರಿಯಾಗಿರದಿದ್ದರೆ ಆಗ ಮೇಡೇ.

ರಿವೆಟ್:

ಪ್ರೊಪೆಲರ್ ಬಗ್ಗೆ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಿ. ಎಂಜಿನ್ ನಿಂತಿರುವಾಗ ತಾಗಿದರೂ, ಪ್ರೊಪೆಲರ್‌ಗೆ ಸಣ್ಣ ಗೀರು ಉಜ್ಜುವುದಕ್ಕಿಂತ ಹೆಚ್ಚಿನ ದುರಸ್ತಿ ಬೇಕಾದರೆ, ಎಂಜಿನ್ ತಯಾರಕ ಲೈಕಮಿಂಗ್ ಪ್ರಕಾರ ಅದು ಪ್ರೊಪೆಲರ್ ಸ್ಟ್ರೈಕೇ (ಪ್ರೊಪೆಲರ್ ಬಡಿತ). ಅವರ 533ನೇ ಸರ್ವಿಸ್ ಬುಲೆಟಿನ್‌ನಲ್ಲಿ ಹಾಗೇ ಇದೆ. ಎಂಜಿನ್ ಓಡುವಾಗ ಎತ್ತರದ ಹುಲ್ಲಿಗೆ ತಾಗಿ ಆರ್‌ಪಿಎಂ (ಸುತ್ತಿನ ವೇಗ) ಒಮ್ಮೆಲೇ ಬಿದ್ದರೂ, ಅಲಗಿಗೆ ಗೀರು ಬೀಳದಿದ್ದರೂ ಲೆಕ್ಕಕ್ಕೆ ಬರುತ್ತದೆ. ತೊಗರಿ ಹೊಲದಲ್ಲಿ ಇಳಿಸಿ "ಪ್ರೊಪೆಲರ್ ಚೆನ್ನಾಗಿದೆ ನೋಡಿ" ಎನ್ನುವವರಿಗೆ ಇದೇ ಉತ್ತರ. ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಗೇರ್, ಅದರ ಡೋವೆಲ್ ಪಿನ್, ಬೋಲ್ಟ್ ನೋಡಲೇಬೇಕು. ಅದಕ್ಕೆ ಎಫ್‌ಎಎಯ 2004-10-14 ಸಂಖ್ಯೆಯ ನಿರ್ದೇಶನವೂ ಇದೆ. ಲೋಹದ ಅಲಗು ಬಾಗುತ್ತ ಹೊಡೆತವನ್ನು ಎಂಜಿನ್‌ಗೆ ದಾಟಿಸುತ್ತದೆ. ಡಿಎ42ರ ಮರದ ತಿರುಳಿನ ಅಲಗು ಚೂರಾಗಿ ಬಹಳಷ್ಟನ್ನು ತಾನೇ ತಿನ್ನುತ್ತದೆ, ಆದರೂ ಗೇರ್‌ಬಾಕ್ಸ್ ತಪಾಸಣೆ ತಪ್ಪುವುದಿಲ್ಲ.

ತೊಗರಿ_ಬದು (ಚಿತ್ತಾಪುರ):

ಇದನ್ನ ಓದೋ ಹಳ್ಳಿ ಮಂದಿಗೆ ಎರಡು ಮಾತು, ಯಾಕಂದ್ರ ವಿಮಾನ ಹೊಲದಾಗ ಇಳಿದ್ರ ಮೊದಲು ಓಡಿ ಬರೋರು ಅವರೇ. 112ಕ್ಕ ಫೋನ್ ಹಚ್ರಿ. ಗಾಳಿ ಬೀಸೋ ಕಡಿಯಿಂದ ಹೋಗ್ರಿ, ಬೀಡಿ-ಸಿಗರೇಟು ದೂರ ಇಡ್ರಿ. 172ದಾಗಿನ ಪೆಟ್ರೋಲ್ ನೀಲಿ ಬಣ್ಣದ್ದು, ಹಗುರ, ಬೇಗ ಹೊತ್ತತದ. ಡಿಎ42ದಾಗ ಜೆಟ್ ಇಂಧನ, ಸೀಮೆಎಣ್ಣಿ ವಾಸನಿ ಬರ್ತದ. ನಿಂತ ಪ್ರೊಪೆಲರ್‌ನೂ ಮುಟ್ಟಬ್ಯಾಡ್ರಿ, ಇಗ್ನಿಷನ್ ಚಾಲೂ ಉಳಿದಿದ್ರ ಕೈಲಿಂದ ಅಲುಗಿಸಿದ್ರೂ ಒದೀತದ. ಒಳಗಿನವರನ್ನ ಹಿಂದಿನ ಬಾಜೂಲಿಂದ ಹೊರಗ ತಗೀರಿ. ಅಷ್ಟ ಮಾಡಿ ದೂರ ನಿಲ್ರಿ. ಟ್ರ್ಯಾಕ್ಟರ್ ಹಚ್ಚಿ ಎಳಿಯೋದು, ತುಂಡು ಮನಿಗೆ ಒಯ್ಯೋದು ಬ್ಯಾಡ. ಗಾಲಿ ಗುರುತು ಮಣ್ಣಾಗ ಎಲ್ಲಿಂದ ಶುರು ಆಗ್ಯದ ಅನ್ನೋದೇ ತನಿಖಿದವರಿಗೆ ಬೇಕಾಗಿರ್ತದ.

ಬೀದರ್_ಕೋಟೆ:

ತನಿಖೆಯ ಮಾತು ಬಂದದ್ದಕ್ಕೆ: ಹೊಟ್ಟೆ ಮೇಲೆ ಇಳಿದದ್ದು, ಗೇರ್ ಕಾಲು ಮಡಚಿದ್ದು ಅಪಘಾತದ ಲೆಕ್ಕಕ್ಕೆ ಬರದಿದ್ದರೂ ಅಂತರರಾಷ್ಟ್ರೀಯ ನಿಯಮದ ಉದಾಹರಣೆ ಪಟ್ಟಿಯಲ್ಲಿ "ಗಂಭೀರ ಘಟನೆ" ಎಂದೇ ಇದೆ. ಯಾರಿಗೂ ಗಾಯ ಆಗಿಲ್ಲ ಎಂದು ಹ್ಯಾಂಗರ್‌ಗೆ ಎಳೆದುಕೊಂಡು ಹೋಗುವಂತಿಲ್ಲ. ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಕರು) ಮತ್ತು ಎಎಐಬಿಗೆ (ವಿಮಾನ ಅಪಘಾತ ತನಿಖಾ ಸಂಸ್ಥೆ) ತಿಳಿಸಬೇಕು, ಅವರು ಬಿಡುವ ತನಕ ಸ್ವಿಚ್, ಬ್ರೇಕರ್, ಗೇರ್ ಲಿವರ್ ಇದ್ದ ಹಾಗೇ ಇರಬೇಕು. ಸುರಕ್ಷತೆಗೆ ಮಾಸ್ಟರ್ ಆಫ್ ಮಾಡಿದ್ದರೆ, ಬ್ಯಾಟರಿ ಕಳಚಿದ್ದರೆ ಅದನ್ನು ಸಮಯ ಸಮೇತ ಬರೆದಿಟ್ಟು ಬಂದವರಿಗೆ ಕೊಡಿ. ಫೋಟೋ ತೆಗೆಯುವುದಾದರೆ ಮೊದಲು ಬ್ರೇಕರ್ ಪ್ಯಾನೆಲ್‌ದು ತೆಗೆಯಿರಿ.